ಸರದಿಯ ದಿನಾಂಕ, ಮನೆಯ ಮುಹೂರ್ತ

ಶ್ರೀಮಠದ ವಿವಾಹ ದಾಖಲೆಯ ಪುಸ್ತಕವು ಅನೇಕ ವರ್ಷಗಳಿಂದ ನಮ್ಮ ಸುಪರ್ದಿನಲ್ಲಿದೆ. ವಧೂವರರ ಹೆಸರು, ತಂದೆತಾಯಿಗಳ ಹೆಸರು, ಊರು, ತಿಥಿ, ತಾರೀಖು, ಸಾಕ್ಷಿಗಳ ಸಹಿ, ಇಷ್ಟೇ ಅದರಲ್ಲಿರುವುದು. ಆ ಪುಸ್ತಕದಲ್ಲಿ ಒಂದು ಮದುವೆಯನ್ನು ಬರೆಯದೆ ಬಿಡಬಹುದೇ ಎಂದು ಕೇಳಿಕೊಂಡು 2025ರ ಮಾಘಮಾಸದಲ್ಲಿ ಗದಗಿನ ಕಡೆಯ ಸದ್ಭಕ್ತರೊಬ್ಬರು ನಮ್ಮಲ್ಲಿಗೆ ಬಂದರು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಸುಳ್ಳು ಹೇಳುವವರಲ್ಲ, ಹೇಳಿಸುವವರೂ ಅಲ್ಲ. ಅಂಥವರ ಬಾಯಿಂದ ಆ ಮಾತು ಬಂದುದನ್ನು ಕೇಳಿ ನಮಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಅವರು ಚೀಲದಿಂದ ತೆಗೆದಿಟ್ಟ ಕಾಗದಗಳನ್ನು ಮೂರು ದಿನ ಕುಳಿತು ಓದಿದ ಮೇಲೆ ಆ ಆಶ್ಚರ್ಯವೂ ಇಳಿಯಿತು. ನಮ್ಮ ಸಮಾಜದ ಎಷ್ಟೋ ಮನೆಗಳು ಇಂದು ಇಂಥವೇ ಕಾಗದಗಳ ಮುಂದೆ ಕುಳಿತಿರುವುದರಿಂದ, ಅವರ ಒಪ್ಪಿಗೆಯನ್ನು ಪಡೆದು ಈ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮಾಸ್ತರರ ಪತ್ನಿಯ ಅಣ್ಣನವರು ಇಂಜಿನಿಯರರಾಗಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಪೌರತ್ವವನ್ನು ಪಡೆದವರು. 2006ರ ಫೆಬ್ರವರಿಯಲ್ಲಿ ಅವರು ತಂಗಿಯ ಸಲುವಾಗಿ ಐ-130 ಎಂಬ ಅರ್ಜಿಯನ್ನು ಹಾಕಿದರು. ಆಗ ಮಾಸ್ತರರ ಮಗಳು ಮೂರನೆಯ ಇಯತ್ತೆಯಲ್ಲಿದ್ದಳು, ಮಗ ಬಾಲವಾಡಿಗೆ ಹೋಗುತ್ತಿದ್ದ. ಸರದಿ ಬಂದಿದೆಯೆಂಬ ಪತ್ರವು ಕೈಸೇರಿದ್ದು 2024ರ ಕೊನೆಗೆ. ಮಗಳಿಗೆ ಇಪ್ಪತ್ತೇಳು ತುಂಬಿತ್ತು, ಮಗನಿಗೆ ಇಪ್ಪತ್ಮೂರು.

ಹದಿನೆಂಟು ವರ್ಷಕ್ಕೂ ಮಿಗಿಲಾದ ಈ ಕಾಯುವಿಕೆಗೆ ಯಾವನೋ ಗುಮಾಸ್ತನ ಆಲಸ್ಯ ಕಾರಣವೆಂದು ಅನೇಕರು ತಿಳಿದಿದ್ದಾರೆ. ಕಾರಣವು ಕಾನೂನಿನಲ್ಲಿಯೇ ಇದೆ. 1946ರ ಕಾಯಿದೆಯಂತೆ ಇಡೀ ಭಾರತದಿಂದ ವರ್ಷಕ್ಕೆ 100 ಮಂದಿಗೆ ಮಾತ್ರ ಅಮೆರಿಕದ ಬಾಗಿಲು ತೆರೆದಿತ್ತು. 1965ರ ಕಾಯಿದೆಯು ಆ ಭೇದವನ್ನು ತೊಡೆದುಹಾಕಿ ರಕ್ತಸಂಬಂಧಕ್ಕೂ ವಿದ್ಯೆಗೂ ಮನ್ನಣೆ ಕೊಟ್ಟಿತು. ಇಂದು ನಡೆಯುತ್ತಿರುವ ಲೆಕ್ಕವು 1990ರ ಕಾಯಿದೆಯದು. ಪೌರರ ಪತಿ ಅಥವಾ ಪತ್ನಿ, ಇಪ್ಪತ್ತೊಂದರೊಳಗಿನ ಅವಿವಾಹಿತ ಮಕ್ಕಳು, ಮತ್ತು ಇಪ್ಪತ್ತೊಂದು ತುಂಬಿದ ಪೌರರ ತಂದೆತಾಯಿಗಳು, ಇವರಿಗೆ ಸಂಖ್ಯೆಯ ಮಿತಿ ಇಲ್ಲ. ಕಾಗದಪತ್ರಗಳು ಸಾಗುವಷ್ಟು ಕಾಲ ಕಾದರೆ ಸಾಕು. ಉಳಿದ ಬಂಧುಗಳೆಲ್ಲ ಸಾಲಿನಲ್ಲಿ ನಿಲ್ಲತಕ್ಕವರು. ಪೌರರ ಅಣ್ಣತಮ್ಮ ಅಕ್ಕತಂಗಿಯರಿಗೆ ಜಗತ್ತಿಗೆಲ್ಲ ಸೇರಿ ವರ್ಷಕ್ಕೆ 65,000 ವೀಸಾಗಳು, ಅವರ ಮಡದಿಮಕ್ಕಳೂ ಅದರಲ್ಲಿಯೇ. ಇದರ ಮೇಲೆ ಇನ್ನೊಂದು ನಿಯಮವಿದೆ: ಸಾಲಿನ ಒಟ್ಟು ವೀಸಾಗಳಲ್ಲಿ ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ಲಕ್ಷ ಜನರಿರುವ ದ್ವೀಪಕ್ಕೂ ಅದೇ ಮಿತಿ, ಭಾರತಕ್ಕೂ ಅದೇ ಮಿತಿ. ಇಲ್ಲಿ ದೇಶವೆಂದರೆ ಪಾಸ್‌ಪೋರ್ಟು ಕೊಟ್ಟ ದೇಶವಲ್ಲ, ಹುಟ್ಟಿದ ದೇಶ. ತಂದೆ ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿಯೇ ಜನಿಸಿದ ಕನ್ನಡದ ಹುಡುಗನು ಒಮಾನಿನ ಲೆಕ್ಕಕ್ಕೆ ಸೇರಿ ಬೇಗ ದಾಟುತ್ತಾನೆ. ಧಾರವಾಡದಲ್ಲಿ ಜನಿಸಿದ ಅವನ ಅಣ್ಣನು ನಿಂತೇ ಇರುತ್ತಾನೆ.

ಉದ್ಯೋಗದ ಸಾಲಿನ ಅವಸ್ಥೆಯೂ ಇದೇ. ಅದಕ್ಕೆ ವರ್ಷಕ್ಕೆ ಸುಮಾರು 1,40,000 ವೀಸಾಗಳಿದ್ದು, ನೌಕರನ ಹೆಂಡತಿ ಮಕ್ಕಳೂ ಅದರಲ್ಲಿಯೇ ಎಣಿಕೆಯಾಗುತ್ತಾರೆ. ನಮ್ಮ ಸಾಫ್ಟ್‌ವೇರ್ ಹುಡುಗರು ಬಹುಮಟ್ಟಿಗೆ ಎರಡನೆಯ, ಮೂರನೆಯ ವರ್ಗದವರು. ವಿದೇಶಾಂಗ ಇಲಾಖೆಯವರು ತಿಂಗಳಿಗೊಮ್ಮೆ ಪ್ರಕಟಿಸುವ 'ವೀಸಾ ಬುಲೆಟಿನ್' ಎಂಬ ಪಟ್ಟಿಯಲ್ಲಿ ಈ ವರ್ಗದ ಭಾರತೀಯರಿಗೆ 2025ರಲ್ಲಿ ನಡೆಯುತ್ತಿದ್ದುದು 2012, 2013ರ ದಿನಾಂಕಗಳು. ಅದೇ ವರ್ಷ ಅಣ್ಣತಂಗಿಯರ ಸಾಲಿನಲ್ಲಿದ್ದುದು 2006. ಅರ್ಜಿ ಸೇರಿದ ದಿನವೇ ಸರದಿಯ ದಿನಾಂಕ, ಅಂದರೆ ಪ್ರಯಾರಿಟಿ ಡೇಟ್. ಉದ್ಯೋಗದ ಸಾಲಿನಲ್ಲಿ ಅದು ಸಾಮಾನ್ಯವಾಗಿ ಕಾರ್ಮಿಕ ಇಲಾಖೆಗೆ ಮಾಲೀಕನು ಮೊದಲ ಅರ್ಜಿ ಕೊಟ್ಟ ದಿನ. ಪಟ್ಟಿಯ ದಿನಾಂಕವು ಅದನ್ನು ದಾಟಿದರೆ ನಿಮ್ಮ ಸರದಿ. ಆದರೆ ಪಟ್ಟಿಯು ಸದಾ ಮುಂದಕ್ಕೇ ನಡೆಯುವುದೆಂಬ ಭರವಸೆ ಬೇಡ. ಬೇಡಿಕೆ ಹೆಚ್ಚಿದ ತಿಂಗಳು ಅದು ವರ್ಷಗಟ್ಟಲೆ ಹಿಂದಕ್ಕೂ ಸರಿಯುತ್ತದೆ.

2007ರ ಜುಲೈ ತಿಂಗಳ ಪಟ್ಟಿಯಲ್ಲಿ ಉದ್ಯೋಗದ ಬಹುತೇಕ ವರ್ಗಗಳೂ ತೆರೆದಿವೆಯೆಂದು ಸಾರಲಾಗಿತ್ತು. ಸಾವಿರಾರು ಜನ ವಕೀಲರಿಗೆ ಹಣ ತೆತ್ತು, ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಸಿದ್ಧರಾದರು. ಜುಲೈ 2ರಂದು ವೀಸಾಗಳು ಮುಗಿದಿವೆಯೆಂದು ಘೋಷಣೆಯಾಯಿತು. ಆಗ ಅಲ್ಲಿಯ ಭಾರತೀಯ ತರುಣರು ಕಲ್ಲು ತೂರಲಿಲ್ಲ, ಘೋಷಣೆ ಕೂಗಲಿಲ್ಲ. ವಲಸೆ ಇಲಾಖೆಯ ಮುಖ್ಯಸ್ಥರಿಗೆ ಹೂಗುಚ್ಛಗಳನ್ನು ಕಳುಹಿಸಿದರು. ಹಿಂದೀ ಚಲನಚಿತ್ರವೊಂದರಿಂದ ಕಲಿತ ಗಾಂಧಿಗಿರಿಯಂತೆ ಅದು! ಆ ಹೂಗಳು ಗಾಯಾಳು ಸೈನಿಕರ ಆಸ್ಪತ್ರೆಗೆ ಸೇರಿದವು, ಜುಲೈ 17ರಂದು ಇಲಾಖೆಯು ತನ್ನ ನಿರ್ಧಾರವನ್ನು ಹಿಂದೆಗೆದುಕೊಂಡು ಆಗಸ್ಟ್ 17ರವರೆಗೆ ಅರ್ಜಿಗಳನ್ನು ಸ್ವೀಕರಿಸಿತು. ನಾವು ಚಲನಚಿತ್ರಗಳನ್ನು ಮೆಚ್ಚುವವರಲ್ಲ. ಈ ಒಂದಕ್ಕೆ ವಿನಾಯಿತಿ ಕೊಡಬಹುದು.

ಮಾಸ್ತರರ ಕಾಗದಗಳಿಗೆ ಮರಳೋಣ. ಅಣ್ಣತಂಗಿಯೆಂದು ಸಾಧಿಸಬೇಕಾದರೆ ಇಬ್ಬರ ಜನನಪತ್ರಗಳಲ್ಲಿಯೂ ತಂದೆತಾಯಿಗಳ ಹೆಸರು ಹೊಂದಿಕೆಯಾಗಬೇಕು. ಜನನ ಮರಣ ನೋಂದಣಿಯ ಕಾಯಿದೆ ಬಂದುದೇ 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ಹುಟ್ಟಿದವರಿಗೆ ಶಾಲೆಯ ದಾಖಲೆಯೇ ಗತಿ. ಶಾಲೆಗೆ ಸೇರಿಸುವಾಗ ಗುರುಗಳು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದರಿಂದ ನಮ್ಮ ನಾಡಿನ ಅರ್ಧ ಜನ ಒಂದೇ ದಿನ ಹುಟ್ಟಿದಂತಾಗಿದೆ. ಮಾಸ್ತರರೂ ಜೂನ್ 1, ಅವರ ಪತ್ನಿಯೂ ಜೂನ್ 1. ತಾವೇ ಎಷ್ಟು ಮಕ್ಕಳಿಗೆ ಆ ತಾರೀಖನ್ನು ದಾನ ಮಾಡಿದ್ದೇವೆಂಬ ಲೆಕ್ಕ ಅವರಿಗೂ ತಿಳಿಯದು. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಅಣ್ಣನ ಎಸ್.ಎಸ್.ಎಲ್.ಸಿ. ಪತ್ರದಲ್ಲಿ ತಂದೆ ಬಸಪ್ಪ, ತಂಗಿಯದರಲ್ಲಿ ಬಸವಣ್ಣೆಪ್ಪ. ಆಕೆ ಶಾಲೆಯಲ್ಲಿ ನೀಲವ್ವ, ಪಾಸ್‌ಪೋರ್ಟಿನಲ್ಲಿ ನೀಲಾಂಬಿಕೆ. ಜನನ ನೋಂದಣಿಯಾಗಿಲ್ಲವೆಂಬ ಪತ್ರವನ್ನು ಪಡೆದು, ಹುಟ್ಟನ್ನು ಬಲ್ಲ ಹಿರಿಯರಿಂದ ಪ್ರಮಾಣಪತ್ರ ಮಾಡಿಸಬೇಕಾಯಿತು. ಎಂಬತ್ತೆಂಟು ವರ್ಷದ ಸೋದರತ್ತೆಯೊಬ್ಬರು ಉಳಿದಿದ್ದು ಪುಣ್ಯ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಆ ಕೆಲಸವನ್ನು ಇಂದೇ ಮಾಡಿಸಿಟ್ಟುಕೊಳ್ಳಿರೆಂದು ಎಲ್ಲರಿಗೂ ಹೇಳುತ್ತೇವೆ.

ಇನ್ನು ಮಕ್ಕಳ ವಿಷಯ. ಇಪ್ಪತ್ತೊಂದು ದಾಟಿದ ಮಕ್ಕಳು ತಂದೆತಾಯಿಗಳ ವೀಸಾದೊಡನೆ ಸೇರುವಂತಿಲ್ಲ. ಇಬ್ಬರೂ ಹೋದರೆಂದೇ ಮನೆಯವರು ಅತ್ತಿದ್ದರು. ಆದರೆ 2002ರಲ್ಲಿ ಅಮೆರಿಕದವರು ಮಾಡಿದ ಮಕ್ಕಳ ರಕ್ಷಣೆಯ ಕಾಯಿದೆಯೊಂದಿದೆ. ಅದರಂತೆ, ಸರದಿ ಬಂದ ದಿನದ ವಯಸ್ಸಿನಲ್ಲಿ, ಅರ್ಜಿ ಸೇರಿದ ದಿನದಿಂದ ಅದು ಮಂಜೂರಾದ ದಿನದವರೆಗಿನ ಕಾಲವನ್ನು ಕಳೆಯಬೇಕು. ಮಾವನ ಅರ್ಜಿಯು ಮಂಜೂರಾದುದು 2011ರ ಮಾರ್ಚಿನಲ್ಲಿ, ಅಂದರೆ ಐದು ವರ್ಷ ಒಂದು ತಿಂಗಳ ಮೇಲೆ. ಆ ವಿಳಂಬವನ್ನು ಮನೆಯವರೆಲ್ಲ ಆಗ ಶಪಿಸಿದ್ದರಂತೆ. ಅದೇ ಐದು ವರ್ಷವನ್ನು ಕಳೆದಾಗ ಮಗನ ವಯಸ್ಸು ಹದಿನೆಂಟಾಯಿತು, ಅವನು ಉಳಿದುಕೊಂಡ. ಮಗಳದು ಇಪ್ಪತ್ತೆರಡಕ್ಕೆ ಬಂದು ನಿಂತಿತು. ಹಳೆಯ ದಿನಾಂಕವನ್ನಾದರೂ ಉಳಿಸಿಕೊಡಿರೆಂದು ಇಂಥ ಮಕ್ಕಳ ಪರವಾಗಿ ನಡೆದ ವ್ಯಾಜ್ಯದಲ್ಲಿ 2014ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಲ್ಲವೆಂದಿದೆ. ಅರ್ಜಿ ಸೇರಿದ ರಸೀದಿ, ಮಂಜೂರಾದ ಪತ್ರ, ಈ ಎರಡನ್ನೂ ಜೋಪಾನವಾಗಿಡಿ. ಮಗನು ಅವಿವಾಹಿತನಾಗಿರಬೇಕು, ಸರದಿ ಬಂದ ಒಂದು ವರ್ಷದೊಳಗೆ ವೀಸಾ ಕೇಳಿ ಮುಂದಿನ ಹೆಜ್ಜೆ ಇಟ್ಟಿರಬೇಕು ಎಂಬುದನ್ನೂ ಮರೆಯಬೇಡಿ.

ಏಜೆಂಟನೊಬ್ಬನು ಪ್ರವೇಶಿಸಿದ್ದು ಇಲ್ಲಿಯೇ. ತಾಯಿ ಅಲ್ಲಿಗೆ ಹೋಗಿ ಗ್ರೀನ್ ಕಾರ್ಡ್ ಪಡೆದ ಕೂಡಲೇ ಅವಿವಾಹಿತ ಮಗಳಿಗೆ ಹೊಸ ಅರ್ಜಿ ಹಾಕಬಹುದು ಎಂದು ಅವನು ಹೇಳಿದ್ದು ನಿಜವೇ. ಆ ಸಾಲಿನಲ್ಲಿ 2025ರಲ್ಲಿ ಭಾರತದವರಿಗೆ 2016ರ ದಿನಾಂಕ ನಡೆದಿತ್ತು. ಅಂದರೆ ಒಂಬತ್ತು ವರ್ಷ. ಅಷ್ಟರೊಳಗೆ ಮಗಳ ಮದುವೆಯಾದರೆ ಅರ್ಜಿ ಅಂದೇ ಬಿದ್ದುಹೋಗುತ್ತದೆ. ಹಾವೇರಿಯ ಕಡೆಯ ಸಂಬಂಧವು ಆಗಲೇ ನಿಶ್ಚಯವಾಗಿತ್ತು. "ಮಠದಾಗ ಸದ್ದಿಲ್ಲದ ಅಕ್ಷತಾ ಹಾಕಿಸ್ರಿ, ಎಲ್ಲೂ ಬರೆಸಬ್ಯಾಡ್ರಿ, ಕಾಗದದ ಮ್ಯಾಲ ಆಕಿ ಕನ್ಯಾನ ಇರ್ತಾಳ" ಎಂದು ಅವನು ಉಪಾಯ ಹೇಳಿಕೊಟ್ಟಿದ್ದ.

ನಾವು ಮಾಸ್ತರರಿಗೆ ಎರಡು ಮಾತು ಹೇಳಿದೆವು. ಮೊದಲನೆಯದು ಕಾನೂನಿನದು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ನಮಗೂ ಅನ್ವಯಿಸುತ್ತದೆ. ಸಂಪ್ರದಾಯದಂತೆ ನಡೆದ ಮದುವೆಯು ನೋಂದಣಿಯಾಗದಿದ್ದರೂ ಮದುವೆಯೇ. ಅದನ್ನು ಮುಚ್ಚಿಟ್ಟು ವೀಸಾ ಕೇಳುವುದು ಸುಳ್ಳು ಹೇಳಿಕೆ, ಅದು ಹೊರಬಿದ್ದರೆ ಮಗಳಿಗೆ ಆ ದೇಶದ ಬಾಗಿಲು ಜೀವಮಾನವೆಲ್ಲ ಮುಚ್ಚಬಹುದು. ಎರಡನೆಯ ಮಾತು ನಮ್ಮದು. ಒಂಬತ್ತು ವರ್ಷ ಆ ಹುಡುಗಿಯು ಗಂಡನ ಮನೆಯಲ್ಲಿದ್ದು ಯಾರ ಮುಂದೆಯೂ ಗಂಡನೆನ್ನಲಾರದೆ, ಹುಟ್ಟಿದ ಮಗುವಿನ ಜನನಪತ್ರದಲ್ಲಿ ತಂದೆಯ ಹೆಸರು ಬರೆಸಲು ಹೆದರಿಕೊಂಡು ಬದುಕಬೇಕೇನು? ಅಣ್ಣ ಕರೆದನೆಂದು ಮಗಳನ್ನು ಅಳಿಸುವುದುಂಟೇ? ಪುಸ್ತಕದಲ್ಲಿ ಬರೆಯದ ಮದುವೆ ಈ ಮಠದಲ್ಲಿ ನಡೆಯುವುದಿಲ್ಲವೆಂದೆವು. ಮಾಸ್ತರರು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದರು. ಆಮೇಲೆ, "ಶಾಸ್ತ್ರಿಗಳ, ಹಂಗಾದ್ರ ನಾವ ಹೋಗೂದು ಬ್ಯಾಡೇನ್ರಿ?" ಎಂದರು. ಅದನ್ನು ಮನೆಯಾಕೆಯನ್ನೂ ಮಗಳನ್ನೂ ಕೇಳಿರೆಂದು ಕಳುಹಿಸಿದೆವು.

ಕೇಳಿದವರಲ್ಲಿ ಮಗಳೇ ಮೊದಲು ಉತ್ತರ ಕೊಟ್ಟಳಂತೆ: ಹೋಗಿರಿ, ತಮ್ಮನ ಸಲುವಾಗಿ ಹೋಗಿರಿ. ವೈಶಾಖದಲ್ಲಿ ಮದುವೆ ನಡೆಯಿತು. ಮಾಸ್ತರರು ಸಾಕ್ಷಿಯ ಅಂಕಣದಲ್ಲಿ ಶಾಲೆಯ ಹಾಜರಿ ಪುಸ್ತಕದ ಅದೇ ದುಂಡು ಅಕ್ಷರದಲ್ಲಿ ಸಹಿ ಮಾಡಿದರು. ಮರುವಾರವೇ ನೋಂದಣಿಯನ್ನೂ ಮಾಡಿಸಿದರು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಗಿದ್ದರೂ ಆಗ ಅಲ್ಲಿ ವೀಸಾದ ಕೆಲಸವಿರಲಿಲ್ಲ. ಆದ್ದರಿಂದ ಆಷಾಢದಲ್ಲಿ ತಂದೆ, ತಾಯಿ, ಮಗ ಮೂವರೂ ಮುಂಬಯಿಗೆ ಹೋಗಿ ಸಂದರ್ಶನ ಮುಗಿಸಿ ಬಂದರು. ಬಸಪ್ಪ ಮತ್ತು ಬಸವಣ್ಣೆಪ್ಪ ಒಬ್ಬರೇ ಎಂಬುದನ್ನು ಅಧಿಕಾರಿಯು ಸೋದರತ್ತೆಯ ಪ್ರಮಾಣಪತ್ರ ನೋಡಿ ಒಪ್ಪಿಕೊಂಡನಂತೆ.

ಹೊರಡುವ ಮುನ್ನ ಮನೆಮಂದಿಯೆಲ್ಲ ಮಠಕ್ಕೆ ಬಂದಿದ್ದರು. ತಾಯಿಯು ಐದು ವರ್ಷದ ಮೇಲೆ ಪೌರತ್ವ ಪಡೆದರೆ ವಿವಾಹಿತ ಮಗಳಿಗೂ ಅರ್ಜಿ ಹಾಕಬಹುದು, ಆದರೆ ಆ ಸಾಲಿನಲ್ಲಿ ಈಗ 2010, 2011ರ ದಿನಾಂಕಗಳು ನಡೆದಿವೆ ಎಂದು ನಾವು ವಿವರಿಸುತ್ತಿದ್ದೆವು. ಹೊಸ ಮದುಮಗಳು ಬೆರಳು ಮಡಿಚಿ ಲೆಕ್ಕ ಹಾಕಿ ನಕ್ಕಳು. "ಅಷ್ಟರಾಗ ನನ್ನ ಮಕ್ಕಳಿಗೆ ಇಪ್ಪತ್ತೊಂದು ಆಗ್ತದೋ ಇಲ್ಲೋ, ಅದನ್ನೂ ಒಂದಿಷ್ಟು ಕಳದು ನೋಡ್ರಿ, ಅಜ್ಜಾರ" ಎಂದಳು.