ಎಳ್ಳಿನ ಡಬ್ಬಿಗೆ ರಬ್ಬರಿನ ಗಿಣಿ ಅಚ್ಚು

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇದೆ ಅನ್ನುವಾಗಲೇ ನಮ್ಮ ಮನೆಯಲ್ಲಿ ಕೊಬ್ಬರಿ ಹೆಚ್ಚುವ ಕೆಲಸ ಶುರುವಾಗುತ್ತದೆ. ನಮ್ಮದು ತಿಪಟೂರು. ಇಲ್ಲಿ ಕೊಬ್ಬರಿಗೆ ಬರವಿಲ್ಲ, ಹೆಚ್ಚುವ ಕೈಗೇ ಬರ! ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕಿ, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಬಿಳಿ ಎಳ್ಳು ಬೆರೆಸಿಬಿಟ್ಟರೆ ಎಳ್ಳೇನೋ ಸಿದ್ಧ. ಆಮೇಲೆ ಬರುತ್ತದೆ ನೋಡಿ ಪ್ರಶ್ನೆ, ಬೀರೋದು ಯಾವುದರಲ್ಲಿ?

ನಾವು ಚಿಕ್ಕವರಿದ್ದಾಗ ದೊಡ್ಡ ಡಬ್ಬ ಹಿಡಿದುಕೊಂಡು ಹೋಗಿ, ಪುಟ್ಟ ಬಟ್ಟಲಲ್ಲಿ ಅಳೆದು, ಅವರ ಮನೆಯ ತಟ್ಟೆಗೆ ಸುರಿದು ಬರುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಕವರು ಬಂತು, ಅದಾದ ಮೇಲೆ ಪ್ಲಾಸ್ಟಿಕ್ ಡಬ್ಬಿ. 2023ರ ಸಂಕ್ರಾಂತಿಗೆ ನಾವು ಅರವತ್ತು ಡಬ್ಬಿ ತಂದೆವು, ಒಂದಕ್ಕೆ 15 ರೂಪಾಯಿಯಂತೆ 900 ರೂಪಾಯಿ. ನಮ್ಮೆಜಮಾನರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಚುಚ್ಚಿತು.

ಆ ಹಬ್ಬದ ದಿನ ಇನ್ನೊಂದು ಸಂಗತಿಯೂ ಇತ್ತು. ಅದು ನನಗೆ ಚುಚ್ಚಬೇಕಿತ್ತು, ಆಗ ಚುಚ್ಚಲಿಲ್ಲ. ನಮ್ಮೆಜಮಾನರ ಅಕ್ಕ, ನನಗೆ ಅತ್ತಿಗೆ, ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡು ನಮ್ಮ ಜೊತೆಗೆ ಬಂದು ಇದ್ದರು. ಮೊದಲೆಲ್ಲ ಸಂಕ್ರಾಂತಿ ಅಂದರೆ ಅವರದೇ ಓಡಾಟ. ತಮ್ಮ ಬೀದಿಯ ಮೂವತ್ತು ಮನೆಗೂ ತಾವೇ ಹೋಗಿ ಎಳ್ಳು ಬೀರಿ ಬರುತ್ತಿದ್ದರು. ಆ ವರ್ಷ ಕೊಬ್ಬರಿ ಹೆಚ್ಚಿ ಬೆರಳು ಬೊಬ್ಬೆ ಬಂದದ್ದು ಅವರಿಗೆ, ಸೀರೆ ಉಟ್ಟು ತಟ್ಟೆ ಹಿಡಿದು ಹೊರಟದ್ದು ನಾನು ಮತ್ತು ನನ್ನ ಮಗಳು. ನಮ್ಮ ಮನೆಗೆ ಬಂದವರೆದುರಿಗೂ ಅವರು ಬರಲಿಲ್ಲ, ಅಡಿಗೆಮನೆ ಬಾಗಿಲ ಹಿಂದೆಯೇ ಉಳಿದರು. ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮರು ವರ್ಷ ಖರ್ಚು ಉಳಿಸೋಣ ಅಂತ ಕಾಗದದ ಡಬ್ಬಿ ಮಾಡಲು ಕೂತೆವು. ಬರೀ ಬಿಳಿ ಡಬ್ಬಿ ಮಾತ್ರೆ ಡಬ್ಬಿಯ ಹಾಗೆ ಕಾಣುತ್ತಿತ್ತು. "ಮೇಲೆ ಏನಾದರೂ ಅಚ್ಚು ಒತ್ತೋಣಮ್ಮ" ಅಂದಳು ಮಗಳು. ಅಲ್ಲಿಂದ ನಮ್ಮ ಅಚ್ಚಿನ ಕಥೆ ಆರಂಭ.

ಅಚ್ಚು ನಮಗೇನೂ ಹೊಸದಲ್ಲ

ಸಕ್ಕರೆ ಅಚ್ಚು ಯಾರಿಗೆ ಗೊತ್ತಿಲ್ಲ? ಮರದ ಅಚ್ಚಿಗೆ ಪಾಕ ಹೊಯ್ದು ಗಿಣಿ, ಮೀನು, ಆನೆ ತೆಗೆಯುವ ನಮಗೆ ಕಾಗದದ ಮೇಲೆ ಅಚ್ಚೊತ್ತುವುದು ಎಷ್ಟರ ಕೆಲಸ! ಆದರೆ ಸಕ್ಕರೆ ಅಚ್ಚಿನಲ್ಲಿ ಚಿತ್ರ ತಗ್ಗಿನಲ್ಲಿರುತ್ತದೆ, ಕಾಗದದ ಅಚ್ಚಿನಲ್ಲಿ ಉಬ್ಬಿರಬೇಕು. ಇದೊಂದು ವ್ಯತ್ಯಾಸ ನೆನಪಿಟ್ಟರೆ ಸಾಕು.

ರಬ್ಬರ್ ಅಚ್ಚು ಬಂದದ್ದು ಹೇಗೆ ಅಂತ ಮಗಳು ಓದಿ ಹೇಳಿದಳು. ಮೊದಲು ರಬ್ಬರು ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತಂತೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಹದ ಮಾಡುವುದನ್ನು ಕಂಡುಹಿಡಿದ ಮೇಲೆಯೇ ಕಚೇರಿಗಳ ಮೊಹರು ಬಂದದ್ದು. ಅಚ್ಚು ಹಾಕಿಸಿದ ಶುಭಾಶಯ ಪತ್ರವೂ ಹೆಚ್ಚುಕಡಿಮೆ ಅದೇ ಕಾಲದ್ದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನುವವರು ಕ್ರಿಸ್‌ಮಸ್‌ಗೆ ಎಲ್ಲರಿಗೂ ಕಾಗದ ಬರೆಯಲು ಪುರಸೊತ್ತಿಲ್ಲದೆ, ಚಿತ್ರಗಾರರೊಬ್ಬರಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದರಂತೆ. ನಮಗೂ ಹಬ್ಬದಲ್ಲಿ ಪುರಸೊತ್ತು ಎಲ್ಲಿದೆ ಹೇಳಿ?

ಬೇಕಾಗುವ ಸಾಮಾನು

ದಪ್ಪನೆಯ ಡ್ರಾಯಿಂಗ್ ಹಾಳೆ (56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ್ದು), ಮಕ್ಕಳ ಬಿಳಿಯ ಮೆದು ರಬ್ಬರು ನಾಲ್ಕು, ಹೊಸ ಬ್ಲೇಡು, ಪೆನ್ಸಿಲ್, ಸ್ಕೇಲು, ಕತ್ತರಿ, ಖಾಲಿಯಾದ ರೀಫಿಲ್ಲು, ಸ್ಟಾಂಪ್ ಪ್ಯಾಡು ಎರಡು ಬಣ್ಣದ್ದು, ಅಂಟು, ಬಟರ್ ಪೇಪರ್.

ಹಳೆಯ ಲಗ್ನಪತ್ರಿಕೆಗಳೂ ಆಗುತ್ತವೆ. ದೇವರ ಚಿತ್ರ ಇರುವ ಭಾಗಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ, ಅದನ್ನು ತೆಗೆದಿಟ್ಟು ಮಿಕ್ಕದ್ದನ್ನು ಬಳಸಿ. ಆದರೆ ಹೊಳೆಯುವ ಕಾಗದದ ಮೇಲೆ ಸ್ಟಾಂಪ್ ಪ್ಯಾಡಿನ ಮಸಿ ಬೇಗ ಒಣಗುವುದಿಲ್ಲ. ನಮ್ಮ ಮೊದಲ ಇಪ್ಪತ್ತು ಡಬ್ಬಿಯ ಹಸಿರು ಮಸಿಯೆಲ್ಲ ಮಗಳ ಹೊಸ ಲಂಗಕ್ಕೆ ಹತ್ತಿತು! ಹೊಳಪಿಲ್ಲದ ಮಗ್ಗುಲಿಗೇ ಒತ್ತಿ.

ಅಚ್ಚು ಕೆತ್ತುವ ವಿಧಾನ

ತೆಳು ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಗಾಢವಾಗಿ ಚಿತ್ರ ಬರೆಯಿರಿ. ಗಿಣಿ, ಮಾವಿನೆಲೆ, ಕಬ್ಬಿನ ಜಲ್ಲೆ, ರಂಗೋಲಿಯ ಹೂವು, ಯಾವುದಾದರೂ ಸರಿ. ಆ ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಚಿತ್ರ ರಬ್ಬರಿಗೆ ತಿರುವುಮುರುವಾಗಿ ಹತ್ತುತ್ತದೆ, ಒತ್ತಿದಾಗ ಸರಿಯಾಗಿ ಮೂಡುತ್ತದೆ. ಇದು ತಿಳಿಯದೆ ನಾನು 'ಶುಭ' ಅಂತ ನೇರವಾಗಿ ರಬ್ಬರಿನ ಮೇಲೇ ಬರೆದು ಕೆತ್ತಿದೆ. ಒತ್ತಿದರೆ ಕನ್ನಡಿಯಲ್ಲಿ ಓದಬೇಕು! ಅತ್ತಿಗೆ ಬಹಳ ತಿಂಗಳ ಮೇಲೆ ಬಾಯಿಬಿಟ್ಟು ನಕ್ಕಿದ್ದು ಅವತ್ತೇ.

"ಕೊಡೆ ಇಲ್ಲಿ" ಅಂತ ಬ್ಲೇಡು ಇಸಕೊಂಡರು. ಬ್ಲೇಡನ್ನು ಕಾಗದದ ಒಳಗಿಟ್ಟು ಅರ್ಧಕ್ಕೆ ಮುರಿದು, ಹಿಡಿಯುವ ಕಡೆಗೆ ಪಟ್ಟಿ ಸುತ್ತಿ, ಚಿತ್ರದ ಗೆರೆಯಿಂದ ಹೊರಕ್ಕೆ ಇಳಿಜಾರಾಗಿ ಕೊಯ್ದರು. ಒಳಕ್ಕೆ ಕೊಯ್ದರೆ ಗೆರೆಯ ಬುಡ ಸಣ್ಣಗಾಗಿ ಒತ್ತುವಾಗ ಮುರಿಯುತ್ತದೆ. ಗೆರೆ ಬಿಟ್ಟು ಮಿಕ್ಕ ಭಾಗವನ್ನು ಎರಡು ಮಿಲಿಮೀಟರಿನಷ್ಟು ಆಳ ತೆಗೆದರೆ ಸಾಕು. ಗಿಣಿಯ ಕಣ್ಣಿಗೆ ಖಾಲಿ ರೀಫಿಲ್ಲಿನ ತುದಿ ಒತ್ತಿ ಗುಳಿ ಮಾಡಿದರು. ಅವರ ರಂಗೋಲಿ ಬೀದಿಗೆಲ್ಲ ಹೆಸರಾಗಿತ್ತು ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

ಕೆತ್ತಿದ ರಬ್ಬರನ್ನು ಮರದ ತುಂಡಿಗೆ ಅಂಟಿಸಿಕೊಂಡರೆ ಹಿಡಿಯಲು ಅನುಕೂಲ. ಪ್ಯಾಡಿನ ಮೇಲೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ, ಜೋರಾಗಿ ಅದುಮಬೇಡಿ. ಕಾಗದದ ಕೆಳಗೆ ನಾಲ್ಕು ಪದರ ಹಳೆ ಪತ್ರಿಕೆ ಹಾಸಿಕೊಂಡರೆ ಅಚ್ಚು ಸಮನಾಗಿ ಮೂಡುತ್ತದೆ. ಕೆಲಸ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೇ ಇಟ್ಟರೆ ಈ ರಬ್ಬರು ಅದಕ್ಕೆ ಅಂಟಿಕೊಂಡುಬಿಡುತ್ತದೆ.

ಕೆತ್ತಲು ಬರುವುದಿಲ್ಲ ಅನ್ನುವವರಿಗೆ ತರಕಾರಿ ಬುಟ್ಟಿಯೇ ಇದೆ. ಬಲಿತ ಬೆಂಡೆಕಾಯಿ ಅಡ್ಡ ಕೊಯ್ದರೆ ಹೂವಿನ ಅಚ್ಚು, ಪಾಲಕ್ ಕಂತೆಯ ಬುಡ ಕೊಯ್ದರೆ ಗುಲಾಬಿ. ಕೊಯ್ದ ಮೇಲೆ ಬಟ್ಟೆಯಿಂದ ಒತ್ತಿ ನೀರು ಆರಿಸಿ, ಗಟ್ಟಿಯಾಗಿ ಕಲಸಿದ ಬಣ್ಣವನ್ನು ಸ್ಪಂಜಿನಿಂದ ಹಚ್ಚಿ ಒತ್ತಿ. ಇದು ಅವತ್ತಿನ ಮಟ್ಟಿಗೆ ಮಾತ್ರ, ನಾಳೆಗೆ ಬಾಡುತ್ತದೆ.

ಅಕ್ಷರಕ್ಕೆ ಮಾತ್ರ ರಬ್ಬರ್ ಸ್ಟಾಂಪ್ ಮಾಡುವ ಅಂಗಡಿಗೇ ಹೋಗಿ. 'ಶುಭಾಶಯಗಳು' ಅಂತ ಒಂದೇ ಮಾತು ಮಾಡಿಸಿ. ಹಬ್ಬದ ಹೆಸರು, ಇಸವಿ ಹಾಕಿಸಬೇಡಿ. ಆಗ ಯುಗಾದಿಗೂ ಆಯಿತು, ದೀಪಾವಳಿಗೂ ಆಯಿತು, ನಾಮಕರಣಕ್ಕೂ ಆಯಿತು.

ಡಬ್ಬಿ ಮಾಡುವ ವಿಧಾನ

16 ಸೆಂ.ಮೀ. ಚೌಕದ ಹಾಳೆ ತೆಗೆದುಕೊಳ್ಳಿ. ನಾಲ್ಕೂ ಅಂಚಿನಿಂದ 4 ಸೆಂ.ಮೀ. ಒಳಗೆ ಒಂದೊಂದು ಗೆರೆ ಎಳೆಯಿರಿ. ನಡುವೆ 8 ಸೆಂ.ಮೀ. ಚೌಕ, ನಾಲ್ಕು ಮೂಲೆಯಲ್ಲಿ ನಾಲ್ಕು ಪುಟ್ಟ ಚೌಕ ಬರುತ್ತವೆ. ಸ್ಕೇಲು ಇಟ್ಟು ಖಾಲಿ ರೀಫಿಲ್ಲಿನಿಂದ ಗೆರೆಗಳ ಮೇಲೆ ಒತ್ತಿ ಎಳೆದರೆ ಮಡಿಕೆ ನೀಟಾಗಿ ಬೀಳುತ್ತದೆ. ಎದುರುಬದುರಿನ ಎರಡು ಅಂಚಿನಲ್ಲಿ, ಮೂಲೆಯ ಚೌಕದ ಒಂದು ಮಗ್ಗುಲನ್ನು ಗೆರೆ ಕೂಡುವ ತನಕ ಕತ್ತರಿಸಿ, ಒಟ್ಟು ನಾಲ್ಕು ಕೊಯ್ತ. ಅಚ್ಚು ಒತ್ತುವುದಿದ್ದರೆ ಈಗಲೇ, ಹಾಳೆ ಚಪ್ಪಟೆ ಇರುವಾಗಲೇ ಒತ್ತಿ ಒಣಗಿಸಿ. ಡಬ್ಬಿ ಆದ ಮೇಲೆ ಒತ್ತಲು ಹೋದರೆ ತಗ್ಗುತ್ತದೆ. ಆಮೇಲೆ ಮಗ್ಗುಲುಗಳನ್ನು ಮೇಲೆತ್ತಿ, ಮೂಲೆಯ ಚೌಕಗಳನ್ನು ಒಳಕ್ಕೆ ಮಡಿಸಿ ಅಂಟಿಸಿ.

ಮುಚ್ಚಳಕ್ಕೆ 13.3 ಸೆಂ.ಮೀ. ಚೌಕ, ಅಂಚಿನಿಂದ 2.5 ಸೆಂ.ಮೀ. ಒಳಗೆ ಗೆರೆ. ನಡುವಿನ ಚೌಕ 8.3 ಸೆಂ.ಮೀ. ಆಗುತ್ತದೆ. ಆ ಮೂರು ಮಿಲಿಮೀಟರ್ ಹೆಚ್ಚಿಗೆ ಇದ್ದರೇನೇ ಮುಚ್ಚಳ ಸಲೀಸಾಗಿ ಕೂರುವುದು. ಒಂದು ಹಾಳೆಯಲ್ಲಿ ಹನ್ನೆರಡು ಡಬ್ಬಿ ಬರುತ್ತದೆ, ಮುಚ್ಚಳವಾದರೆ ಇಪ್ಪತ್ತು.

ಅಂಟು ಮನೆಯಲ್ಲೇ ಕಾಸುವವರು ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಗಟ್ಟಿಯಾಗುವ ತನಕ ಕಾಸಿ. ಹುಳ ಬರದಿರಲಿ ಅಂತ ಹಿಂದೆ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ತಿನ್ನುವ ಪದಾರ್ಥದ ಡಬ್ಬಿಗೆ ಖಂಡಿತ ಬೇಡ. ಬೇಕಾದಷ್ಟೇ ಕಾಸಿ ಎರಡು ದಿನದಲ್ಲಿ ಮುಗಿಸಿ.

ಅಚ್ಚು ಹೊರಗಡೆ ಮಾತ್ರ ಇರಲಿ. ಸ್ಟಾಂಪ್ ಪ್ಯಾಡಿನ ಮಸಿ ಹೊಟ್ಟೆಗೆ ಹೋಗುವಂಥದ್ದಲ್ಲ. ಅಚ್ಚಾದ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ, ಕಾರಣ ಇದೇ ಮಸಿ. ಆದ್ದರಿಂದ ಡಬ್ಬಿಯೊಳಗೆ ಬಟರ್ ಪೇಪರ್ ಹಾಸಿಯೇ ಎಳ್ಳು ತುಂಬಿ. ಕೊಬ್ಬರಿಯ ಜಿಡ್ಡೂ ಹಾಳೆಗೆ ಇಳಿಯುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ತುಂಬಿದರೆ ಸಾಕು, ಮುಂಚೆಯೇ ತುಂಬಿಟ್ಟರೆ ಬೆಲ್ಲ ನೀರೊಡೆಯಬಹುದು.

ಶುಭಾಶಯ ಪತ್ರ ಮಾಡುವುದಾದರೆ ಮೊದಲು ಲಕೋಟೆ ಕೊಂಡು, ಅದಕ್ಕಿಂತ ಅರ್ಧ ಸೆಂ.ಮೀ. ಚಿಕ್ಕದಾಗಿ ಕಾರ್ಡು ಕತ್ತರಿಸಿ. ಮುಂದೆ ಅಚ್ಚು, ಒಳಗೆ ನಿಮ್ಮ ಕೈಬರಹದ ಎರಡು ಸಾಲು. ಮೊಬೈಲಿನಲ್ಲಿ ಬರುವ ಶುಭಾಶಯ ಸಂಜೆಗೆ ಮರೆತುಹೋಗುತ್ತದೆ. ಮೈಸೂರಿನಲ್ಲಿರುವ ನನ್ನ ತಂಗಿ ನಮ್ಮ ಕಾರ್ಡನ್ನು ಇನ್ನೂ ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ.

ಖರ್ಚಿನ ಲೆಕ್ಕ

ಅರವತ್ತು ಡಬ್ಬಿಗೆ ಎಂಟು ಹಾಳೆ 120 ರೂಪಾಯಿ, ರಬ್ಬರು 40, ಪ್ಯಾಡು ಎರಡಕ್ಕೆ 120, ಅಂಟು 40, ಬಟರ್ ಪೇಪರ್ 60. ಒಟ್ಟು 380 ರೂಪಾಯಿ. ಅಚ್ಚು, ಪ್ಯಾಡು ಮರು ವರ್ಷಕ್ಕೂ ಉಳಿದವು. ನಮ್ಮೆಜಮಾನರು ಈ ಸಲ ಲೆಕ್ಕ ಬರೆದು ನಕ್ಕರು.

ಗಿಣಿ ಯಾರದು?

ಡಬ್ಬಿಗಳೆಲ್ಲ ಸಾಲಾಗಿ ಕೂತ ಮೇಲೆ ಮಗಳು, "ಅತ್ತೆ, ಅಚ್ಚು ಕೆತ್ತಿದ್ದು ನೀವು, ಮಾಡಿದವರ ಗುರುತು ಬೇಡವಾ?" ಅಂತ ಹಟ ಹಿಡಿದಳು. ಅತ್ತಿಗೆ ಉಗುರಿನಷ್ಟು ಪುಟ್ಟ ಗಿಣಿಯೊಂದನ್ನು ಕೆತ್ತಿದರು. ಪ್ರತಿ ಡಬ್ಬಿಯ ತಳಕ್ಕೂ ಅದನ್ನು ಒತ್ತಿದೆವು.

ಹಬ್ಬದ ಸಂಜೆ ಎದುರುಮನೆಯವರು ಬಂದರು. ಡಬ್ಬಿ ತಿರುಗಿಸಿ ನೋಡಿ, "ಇದೇನ್ರೀ ಇಷ್ಟು ಮುದ್ದಾಗಿದೆ, ಯಾರು ಮಾಡಿದ್ದು?" ಅಂದರು. ನಾನು ಹೇಳಿದೆ. "ಅವರೆಲ್ಲಿ?" ಅಂದರು. ನಾನು ಸುಮ್ಮನೆ ಅಡಿಗೆಮನೆ ಕಡೆ ನೋಡಿದೆ. ಅವರು ನೆಟ್ಟಗೆ ಒಳಗೆ ಹೋಗಿ, ತಾವು ತಂದಿದ್ದ ಎಳ್ಳನ್ನು ಅತ್ತಿಗೆಯ ಕೈಯಲ್ಲೇ ಇಟ್ಟು, "ಎಳ್ಳು ಬೆಲ್ಲ ತಗೊಳ್ಳಿ, ಒಳ್ಳೆ ಮಾತಾಡಿ" ಅಂದರು. ನಮ್ಮತ್ತೆಯವರು ನೋಡುತ್ತಲೇ ಇದ್ದರು. ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಬರೋ ವರ್ಷ ನಾಲ್ಕು ಮನೆಗೆ ಅವಳೂ ಹೋಗಿಬರಲಿ" ಅಂದರು.

2025ರಲ್ಲಿ ಅತ್ತಿಗೆ ನಮ್ಮ ಜೊತೆ ಏಳು ಮನೆಗೆ ಬಂದರು. ಎಲ್ಲಾ ಮನೆಯೂ ಒಂದೇ ಥರ ಇರುವುದಿಲ್ಲವಲ್ಲ. ಒಂದು ಮನೆಯಲ್ಲಿ ಕುಂಕುಮದ ಬಟ್ಟಲು ಹಿಡಿದು ಬಂದವರು ನನಗೆ ಕೊಟ್ಟು, ಅವರ ಮುಂದೆ ಹಾಗೇ ನಿಂತುಬಿಟ್ಟರು. ಅತ್ತಿಗೆಯೇ ನಗುತ್ತಾ, "ನನಗೆ ಎಳ್ಳು ಕೊಡಮ್ಮ, ಸಾಕು" ಅಂದರು. ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಆದರೆ ಮುಂದಿನ ಮನೆಗೆ ಅವರೇ ಮೊದಲು ಹೆಜ್ಜೆ ಇಟ್ಟರು.

ಆಮೇಲೆ ಅದೇ ಬೀದಿಯಲ್ಲಿ ಒಂದು ನಾಮಕರಣಕ್ಕೆ ಐವತ್ತು ಡಬ್ಬಿ ಬೇಕು ಅಂತ ಕೇಳಿಕೊಂಡು ಬಂದರು, ಒಂದಕ್ಕೆ 20 ರೂಪಾಯಿಯಂತೆ. ತೊಟ್ಟಿಲ ಅಚ್ಚು ಕೆತ್ತಿಕೊಟ್ಟರು. ಬಂದ 1000 ರೂಪಾಯಿಯಲ್ಲಿ ಅತ್ತಿಗೆ ಮೊದಲು ಮಾಡಿಸಿದ್ದು ಒಂದು ಕನ್ನಡಕ. ಹತ್ತಿರದ್ದು ಮಸುಕಾಗಿ ಎಷ್ಟೋ ದಿನ ಆಗಿತ್ತಂತೆ. ಬಾಯಿಬಿಟ್ಟು ನಮ್ಮನ್ನು ಕೇಳಲು ಸಂಕೋಚ.

ಸೋದರಿಯರೇ, ನಾಲ್ಕು ರಬ್ಬರು, ಒಂದು ಬ್ಲೇಡು, ನಾಲ್ಕು ಮಧ್ಯಾಹ್ನದ ಬಿಡುವು ಇದ್ದರೆ ಈ ಕೆಲಸ ಯಾರಿಗಾದರೂ ಸಾಧ್ಯ. ಈ ಹಬ್ಬಕ್ಕೆ ನೀವೂ ಮಾಡಿ ನೋಡಿ. ಕೂರುವ ಮೊದಲು ನಿಮ್ಮ ಮನೆಯ ಬಾಗಿಲ ಹಿಂದೆ ಯಾರಾದರೂ ನಿಂತಿದ್ದಾರೆಯೇ ಅಂತ ಒಮ್ಮೆ ತಿರುಗಿ ನೋಡಿ. ಇದ್ದರೆ, ಮೊದಲ ಅಚ್ಚನ್ನು ಅವರ ಕೈಗೇ ಕೊಡಿ.