ಗ್ರೀಷ್ಮದಲ್ಲಿ ಶ್ರೀರಂಗಪಟ್ಟಣದ ನಡಿಗೆ

ಶಾಲೆಗಳಿಗೆ ರಜೆ ಬಂದೊಡನೆ ಮಕ್ಕಳು ಮೊಮ್ಮಕ್ಕಳೊಡನೆ ಶ್ರೀರಂಗಪಟ್ಟಣಕ್ಕೆ ಹೊರಡುವ ಸದ್ಭಕ್ತರು ಅನೇಕರು. ಕಾವೇರಿಯು ಎರಡು ಕವಲಾಗಿ ಬಳಸಿ ಹರಿಯುವ ಈ ಕೋಟೆಯ ಊರನ್ನು ಕಾಲ್ನಡಿಗೆಯಲ್ಲಿ ನೋಡುವುದೇ ಸೊಗಸು. ಆದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ನಡಿಗೆಗೆ ಒಂದು ಕ್ರಮವಿರಬೇಕು.

ನಡುಹಗಲಿನ ಬಿಸಿಲಿನ ಬಲಕ್ಕೆ ಇಲ್ಲಿಯ ಇತಿಹಾಸವೇ ಸಾಕ್ಷಿ. 1799ರ ಮೇ 4ರಂದು ಬ್ರಿಟಿಷ್ ಸೇನೆಯು ಕೋಟೆಯನ್ನೇರಿದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ನದಿಯಲ್ಲಿ ನೀರು ಇಳಿದಿತ್ತು. ಬೇಗೆಗೆ ಕಾವಲಿನವರು ವಿಶ್ರಮಿಸುವ ಹೊತ್ತೆಂದೇ ಆ ವೇಳೆಯನ್ನು ಆರಿಸಿದ್ದರು. ಅಂದೇ ಟಿಪ್ಪು ಸುಲ್ತಾನ್ ಮಡಿದು ಕೋಟೆಯು ವಶವಾಯಿತು. ಯೋಧರೇ ನೆರಳು ಬಯಸುವ ಆ ವೇಳೆಯಲ್ಲಿ ಎಪ್ಪತ್ತು ದಾಟಿದ ಹಿರಿಯರನ್ನು ಬಯಲಲ್ಲಿ ನಡೆಸುವುದು ಸಲ್ಲದು.

ಗ್ರೀಷ್ಮದಲ್ಲಿ ಸೂರ್ಯನು ದೇಹದ ಸ್ನಿಗ್ಧಾಂಶವನ್ನು ಹೀರುವುದರಿಂದ ಬಲವು ಕುಂದುವುದೆಂದು ಆಯುರ್ವೇದವು ಹೇಳುತ್ತದೆ. ಚಳಿಗಾಲ ಹಾಗೂ ವಸಂತದಲ್ಲಿ ಅರ್ಧಶಕ್ತಿಯಷ್ಟು ವ್ಯಾಯಾಮ ವಿಹಿತ. ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಹಣೆಯಲ್ಲಿ ಬೆವರೊಡೆದು ಬಾಯಿ ಒಣಗಿದರೆ ಅಲ್ಲಿಗೇ ನಿಲ್ಲಬೇಕು.

ಆದ್ದರಿಂದ ಸೂರ್ಯೋದಯದ ವೇಳೆಗೆ ಕೋಟೆಯ ಗೋಡೆ, ಶ್ರೀರಂಗನಾಥಸ್ವಾಮಿ ದೇವಾಲಯಗಳನ್ನು ನೋಡಿರಿ. ಅನಂತರ ವಾಹನದಲ್ಲಿ ದರಿಯಾ ದೌಲತ್‌ಗೆ ತೆರಳಿರಿ. 1784ರಲ್ಲಿ ಕಟ್ಟಿಸಿದ ಈ ತೇಗದ ಬೇಸಿಗೆ ಅರಮನೆಯ ವಿಶಾಲ ಮೊಗಸಾಲೆಗಳೂ ಸುತ್ತಲ ಉದ್ಯಾನವೂ ಹಿಂದಿನವರು ತಂಪನ್ನು ಹೇಗೆ ಕಾಯ್ದುಕೊಳ್ಳುತ್ತಿದ್ದರೆಂಬುದನ್ನು ತೋರಿಸುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ಊಟ, ವಿಶ್ರಾಂತಿ; ಗುಂಬಜ್ ಹಾಗೂ ಸಂಗಮ ಸಂಜೆಗಿರಲಿ.

ಬುತ್ತಿಗೆ ಮೊಸರನ್ನ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ ಹಿತಕರ. ಹುಳಿ, ಖಾರ, ಕರಿದ ತಿಂಡಿಗಳು ಮಿತವಾಗಿರಲಿ. ಮಧುಮೇಹಿಗಳು ಬೆಲ್ಲದ ಪಾನಕವನ್ನೂ ಮೂತ್ರಪಿಂಡದ ತೊಂದರೆಯುಳ್ಳವರು ಎಳನೀರನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು. ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರನ್ನೇ ಬಿಡುವ ತಾಯಂದಿರನ್ನು ನಾವು ಬಹಳ ಕಂಡಿದ್ದೇವೆ. ತಲೆಸುತ್ತು, ಉರಿಮೂತ್ರಗಳಿಗೆ ಅದೇ ಕಾರಣವಾಗುವುದುಂಟು. ಮನೆಯವರು ಶೌಚಾಲಯವಿರುವೆಡೆ ವಾಹನ ನಿಲ್ಲಿಸಿ ಅವರ ಸಂಕೋಚವನ್ನು ನೀಗಿಸಬೇಕು.

ಸಂಗಮದಲ್ಲಿ ಬೆವರಿದ ಮೈಯಲ್ಲೇ ನೀರಿಗಿಳಿಯದಿರಿ. ನೀರು ಕಡಿಮೆಯಿದ್ದರೂ ಗುಂಡಿ, ಸೆಳವುಗಳಿರುವುದರಿಂದ ಮಕ್ಕಳ ಕೈ ಬಿಡಬೇಡಿರಿ.

ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಗುರುತು ತಪ್ಪಿದರೆ, ಮೈ ಬೆಂಕಿಯಂತೆ ಸುಟ್ಟರೆ ಮನೆಮದ್ದಿಗೆ ಹೊತ್ತು ಕಳೆಯಬಾರದು. ನೆರಳಿಗೆ ಸಾಗಿಸಿ, ಮೈಗೆ ನೀರೆರೆದು ಗಾಳಿ ಬೀಸುತ್ತ 108ಕ್ಕೆ ಕರೆಮಾಡಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿರಿ.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡಬೇಕೆಂಬ ಹಟ ಬೇಡ. ಉಳಿದುದನ್ನು ಮಾಗಿಯ ಕಾಲದಲ್ಲಿ ಬಂದು ನೋಡಬಹುದು.