ಗಾಲ್ಫ್ ಕೋಲಿನ ಎರಡು ವಿಶೇಷಣಗಳು

ಗಾಲ್ಫ್ ಸಿರಿವಂತರ ಆಟವೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ನಾನು ಅದನ್ನು ಆಡಿದವನಲ್ಲ. ಆದರೆ ಅದರ ಸಲಕರಣೆಗಳಲ್ಲಿ ಅಡಗಿರುವ ಪದಾರ್ಥವಿಜ್ಞಾನ ನನ್ನ ಕುತೂಹಲವನ್ನು ಕೆರಳಿಸಿದೆ. ಹುಲ್ಲಿನ ಮೇಲಿರುವ ಚೆಂಡನ್ನು ಗುರಿಯತ್ತ ಎತ್ತಿ ಹೊಡೆಯುವ, ಲೋಹದ ತಲೆಯುಳ್ಳ ಕೋಲಿಗೆ ‘ಐರನ್’ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಬೆಲೆಯ ಒಂದು ವರ್ಗ ‘ಫೋರ್ಜ್ಡ್ ಕ್ಯಾವಿಟಿ-ಬ್ಯಾಕ್ ಐರನ್’. ಇಲ್ಲಿ ನಾಮಪದ ಒಂದು, ವಿಶೇಷಣ ಎರಡು. ಯಾವ ವಿಶೇಷಣ ಯಾವ ಕೆಲಸ ಮಾಡುತ್ತದೆಂದು ಅರಿಯದವನು ಹೆಸರಿಗೇ ಹಣ ತೆತ್ತಾನು.

‘ಫೋರ್ಜ್ಡ್’ ಎಂದರೆ ಬಡಿದು ಮಾಡಿದ್ದು. ಕಮ್ಮಾರನು ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣವನ್ನು ಬಡಿದು ಕುಡುಗೋಲು ಮಾಡುವಂತೆ, ಕಾರ್ಖಾನೆಯಲ್ಲಿ ಕಾದ ಉಕ್ಕಿನ ತುಂಡನ್ನು ಅಚ್ಚಿನಲ್ಲಿಟ್ಟು ಯಂತ್ರದ ಸುತ್ತಿಗೆಯಿಂದ ಬಡಿಯುತ್ತಾರೆ. ಇನ್ನೊಂದು ಕ್ರಮ ಎರಕ. ನಮ್ಮ ಪಂಚಲೋಹದ ವಿಗ್ರಹಗಳಂತೆ ಮೇಣದ ಮಾದರಿ ಮಾಡಿ, ಅದನ್ನು ಕರಗಿಸಿ, ಆ ತೆರವಿಗೆ ಲೋಹವನ್ನು ಹೊಯ್ಯುವುದು. ಬಡಿಯಲು ಬಳಸುವ ಉಕ್ಕು ಸಾಮಾನ್ಯವಾಗಿ ಮೆದುವಾದುದು. ಆದ್ದರಿಂದ ಆಟಗಾರನ ಮೈಕಟ್ಟಿಗೆ ತಕ್ಕಂತೆ ಕೋಲಿನ ಕೋನವನ್ನು ಸುಲಭವಾಗಿ ಬಾಗಿಸಿ ಸರಿಪಡಿಸಬಹುದು. ಹೊಡೆತವು ಕೈಗೆ ಹಿತವೆಂದು ಅನೇಕ ಆಟಗಾರರು ಹೇಳುತ್ತಾರೆ. ಆದರೆ ಬಡಿದು ಮಾಡಿದ ಮಾತ್ರಕ್ಕೆ ಚೆಂಡು ಹೆಚ್ಚು ದೂರ ಹೋಗದು.

‘ಕ್ಯಾವಿಟಿ-ಬ್ಯಾಕ್’ ಎಂದರೆ ಬೆನ್ನಿನಲ್ಲಿ ಗುಳಿಯುಳ್ಳದ್ದು. ನಡುವಿನ ಲೋಹವನ್ನು ತೆಗೆದು ಅಂಚುಗಳಿಗೆ ಸೇರಿಸುತ್ತಾರೆ. ಹಗ್ಗದ ಮೇಲೆ ನಡೆಯುವವನು ಉದ್ದನೆಯ ಗಳವನ್ನು ಅಡ್ಡಲಾಗಿ ಹಿಡಿಯುವುದೇಕೆ? ತೂಕವು ನಡುವಿನಿಂದ ದೂರವಿದ್ದಷ್ಟೂ ವಸ್ತು ಬೇಗನೆ ತಿರುಗದು. ಅಂತೆಯೇ ಚೆಂಡು ಮಧ್ಯಕ್ಕೆ ತಗಲದೆ ಓರೆಗೆ ತಗಲಿದಾಗಲೂ ಇಂತಹ ತಲೆ ಕಡಿಮೆ ತಿರುಚಿಕೊಳ್ಳುತ್ತದೆ. ಈ ತತ್ತ್ವವನ್ನು ಗಾಲ್ಫಿನಲ್ಲಿ ಪ್ರಸಿದ್ಧಿಗೆ ತಂದವನು ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲಸಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್. 1959ರಲ್ಲಿ ಆತ ತಯಾರಿಸಿದ ಕೋಲು ಚೆಂಡಿಗೆ ತಗಲಿದಾಗ ಹೊರಟ ಸದ್ದೇ ‘ಪಿಂಗ್’ ಎಂಬ ಹೆಸರಾಯಿತು. ಅವನ ಸಂಸ್ಥೆಗೆ ಕೀರ್ತಿ ತಂದ ಐರನ್‌ಗಳು ಎರಕದವು ಎಂಬುದು ಗಮನಾರ್ಹ.

ಈಗ ಕೆಲವನ್ನು ಹೋಲಿಸೋಣ. ಜಪಾನಿನ ಮಿಜುನೊ ಸಂಸ್ಥೆಯ ‘ಜೆಪಿಎಕ್ಸ್ 923 ಟೂರ್’ 1025 ಎಂಬ ಉಕ್ಕಿನದು. ಸ್ರಿಕ್ಸನ್ನಿನ ‘ಝಡ್‌ಎಕ್ಸ್7 ಮಾರ್ಕ್ 2’ 1020ರದು. ಕೊನೆಯ ಎರಡು ಅಂಕೆಗಳು ಇಂಗಾಲದ ಪ್ರಮಾಣವನ್ನು ಸೂಚಿಸುತ್ತವೆ: ನೂರಕ್ಕೆ ಸುಮಾರು 0.25 ಮತ್ತು 0.20. ಟೈಟ್ಲಿಸ್ಟಿನ ‘ಟಿ100’ರ ಉದ್ದನೆಯ ಕೋಲುಗಳಲ್ಲಿ ಉಕ್ಕಿನ ಎರಡು ಪಟ್ಟಿಗಿಂತ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ ಇರುತ್ತದೆ. ಪಿಂಗ್ ಸಂಸ್ಥೆಯ 2021ರ ‘ಐ59’ರಲ್ಲಿ ಬಡಿದ ಉಕ್ಕಿನ ಒಡಲೊಳಗೆ ಹಗುರವಾದ ಅಲ್ಯೂಮಿನಿಯಮ್ ಇಟ್ಟು, ಉಳಿದ ತೂಕವನ್ನು ಅಂಚಿಗೆ ಸರಿಸಿದ್ದಾರೆ. ದಾರಿ ಬೇರೆ, ಗುರಿ ಒಂದೇ.

ಹೋಲಿಸುವಾಗ ಇನ್ನೊಂದು ಎಚ್ಚರ ಅವಶ್ಯ. ಟಿ100ರ 7ನೆಯ ಐರನ್ನಿನ ಮುಖದ ಓರೆ 34 ಡಿಗ್ರಿ. ಮೇಲಿನ ಸ್ರಿಕ್ಸನ್ನಿನದು 32. ಓರೆ ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುವುದು ಸಹಜ. ಎರಡಕ್ಕೂ 7 ಎಂಬ ಅಂಕೆಯಿದೆಯೆಂದು ದೂರವನ್ನು ಅಳೆದು ತೀರ್ಪು ಕೊಡುವುದು ನ್ಯಾಯವಲ್ಲ.

ಈ ನಾಲ್ಕೂ ಪಳಗಿದ ಕೈಗಳಿಗಾಗಿ ಮಾಡಿದ ಚಿಕ್ಕ ತಲೆಯ ಕೋಲುಗಳು. ಹೊಸಬನಿಗೆ ಅಗಲ ತಲೆಯ, ಅಗ್ಗದ ಎರಕದ ಕೋಲೇ ಹೆಚ್ಚು ನೆರವಾದೀತು. ‘ಬಡಿದದ್ದು’ ಎಂಬುದು ಅದು ಹುಟ್ಟಿದ ಬಗೆಯನ್ನು ಹೇಳುತ್ತದೆ. ‘ಗುಳಿಯುಳ್ಳದ್ದು’ ಎಂಬುದು ಅದರ ನಡತೆಯನ್ನು. ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ನಡತೆಯನ್ನೇ ಎಂದು ನನ್ನ ಅಭಿಪ್ರಾಯ.